ವಾಟ್ಸನ್ ಹೋಟೆಲು ಯಾರದು?

ಕಾಲಾ ಘೋಡಾದ ಎಸ್ಪ್ಲನೇಡ್ ಮ್ಯಾನ್ಶನ್ ಬಗ್ಗೆ ಯಾರೇ ಬರೆಯಲಿ, ಮೂರು ಸಂಗತಿ ಇದ್ದೇ ಇರುತ್ತವೆ. ಅದು ವಾಟ್ಸನ್ ಹೋಟೆಲಾಗಿದ್ದಾಗ, 1896ರಲ್ಲಿ, ಮಾರ್ಕ್ ಟ್ವೈನ್ ಬಂದಿಳಿದು ಇಲ್ಲಿನ ಕಾಗೆಗಳ ಬಗ್ಗೆ ಬರೆದದ್ದು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲೇ ಮೊದಲು ಇಲ್ಲಿ ತೋರಿಸಿದ್ದು. ಜಮ್‌ಷೆಟ್‌ಜಿ ಟಾಟಾರನ್ನು ಬಾಗಿಲಲ್ಲೇ ತಡೆದರಂತೆ, ಆ ಸಿಟ್ಟಿಗೆ ಅವರು ತಾಜ್ ಕಟ್ಟಿಸಿದರಂತೆ ಅನ್ನೋದು. ಮೂರನೆಯದನ್ನು ಕೆಲವು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ಕಥೆ ಸಾಯುವುದಿಲ್ಲ, ಯಾಕೆಂದರೆ ಹೋಟೆಲು ಬಿಳಿಯರಿಗೆ ಮಾತ್ರ ಅನ್ನೋದಂತೂ ನಿಜ. ಇಷ್ಟೆಲ್ಲ ಹೇಳಿಯಾದ ಮೇಲೆ, ಆಮೇಲೆ ಕಟ್ಟಡ ಹಾಳಾಯಿತು ಅಂತ ಒಂದೇ ಒಂದು ಸಾಲು. ಗೆಳೆಯರೆ, ನನ್ನ ತಕರಾರು ಆ ಒಂದು ಸಾಲಿನದು.

ಕಟ್ಟಡವೇನೂ ಸಾಮಾನ್ಯದ್ದಲ್ಲ. ಜಾನ್ ವಾಟ್ಸನ್ ಬಟ್ಟೆ ವ್ಯಾಪಾರಿ. ನಕ್ಷೆ ರೋಲೆಂಡ್ ಆರ್ಡಿಶ್ ಎಂಬ ಎಂಜಿನಿಯರನದು. ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, 1867-69ರಲ್ಲಿ ಇಲ್ಲಿ ಜೋಡಿಸಿದರು. ಭಾರವೆಲ್ಲ ಆ ಚೌಕಟ್ಟಿನ ಮೇಲೆ. ಹಾಗಾಗಿ ಒಳಗೆ ಎಲ್ಲಿ ಬೇಕಾದರೂ ಹಲಗೆ ಹೊಡೆದು ಕೋಣೆ ಮಾಡಬಹುದು. ಪ್ರತಿ ಮಹಡಿಗೂ ಉದ್ದದ ಬಾಲ್ಕನಿ ಇದ್ದದ್ದರಿಂದ ಹೊಸ ಕೋಣೆಗೆ ಬಾಗಿಲಿಗೂ ಕೊರತೆಯಿಲ್ಲ. ಸಾಹೇಬರಿಗೆಂದು ಮಾಡಿದ ಈ ವ್ಯವಸ್ಥೆಯೇ ಮುಂದೆ ಗುಮಾಸ್ತರಿಗೆ ಅನುಕೂಲವಾಯಿತು.

1903ರಲ್ಲಿ ತಾಜ್ ತೆರೆಯಿತು, ಗಿರಾಕಿಗಳು ಅತ್ತ ಹೋದರು. ಕಾಲಾಂತರದಲ್ಲಿ ಹೋಟೆಲು ಮುಚ್ಚಿತು. ಕಟ್ಟಡ ಮಹೇಂದ್ರ ಮ್ಯಾನ್ಶನ್ ಆಯಿತು, ಆಮೇಲೆ ಎಸ್ಪ್ಲನೇಡ್ ಮ್ಯಾನ್ಶನ್. ದೊಡ್ಡ ಕೋಣೆಗಳು ಗೂಡುಗಳಾದವು. ಪಕ್ಕದಲ್ಲೇ ಸೆಶನ್ಸ್ ಕೋರ್ಟು, ಕೇಳಬೇಕೆ! ವಕೀಲರು, ನೋಟರಿಗಳು, ಟೈಪಿಸ್ಟರು, ಒಂದಷ್ಟು ಸಂಸಾರಗಳು. ಬಿಳಿಯನಲ್ಲದವನು ತಲೆಯೆತ್ತಿ ಆ ಮೆಟ್ಟಿಲು ಹತ್ತಿದ್ದು ಆಗಲೇ. ಒಂದು ಅಫಿಡವಿಟ್ಟಿಗಾಗಿ ನಾನೂ ಹತ್ತಿದ್ದೇನೆ: ವೈರುಗಳ ಜೊಂಪೆ, ಫೈಲುಗಳ ಧೂಳು, ಟೈಪ್‌ರೈಟರಿನ ಟಕಟಕ. ದಕ್ಷಿಣ ಕನ್ನಡದಿಂದ ಬಂದು, ಹಗಲು ಕ್ಯಾಂಟೀನುಗಳಲ್ಲಿ ಚಾ ಹೊತ್ತು, ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಫೋರ್ಟು ಅಂದರೆ ಇಂಥ ಆಫೀಸುಗಳೇ ಹೊರತು ಬಾಲ್‌ರೂಮ್ ಅಲ್ಲ. ಇದನ್ನು ಹಾಳು ಅನ್ನೋದಾದರೆ, ಯಾರ ಪಾಲಿಗೆ ಹಾಳು?

ಕಟ್ಟಡ ಜೀರ್ಣವಾದದ್ದು ಸುಳ್ಳಲ್ಲ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿತು. ಬರುವ ಪುಡಿಗಾಸಿಗೆ ಮಾಲೀಕ ರಿಪೇರಿ ಮಾಡಿಸಲೊಲ್ಲ. ಬಿಟ್ಟುಹೋದರೆ ಅಂಥ ಜಾಗ ಮತ್ತೆ ಸಿಗದೆಂದು ಬಾಡಿಗೆದಾರ ಬಿಡಲೊಲ್ಲ. ದಕ್ಷಿಣ ಮುಂಬಯಿಯ ಅರ್ಧ ಚಾಳುಗಳ ಕಥೆಯೂ ಇದೇ ತಾನೆ? 2005ರಲ್ಲಿ ಮುಂಭಾಗದ ಒಂದು ಪಾಲು ಕುಸಿದು ಒಬ್ಬರು ಸತ್ತರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನ 2006ರ ಅಪಾಯದ ಪಟ್ಟಿಗೆ ಕಟ್ಟಡ ಸೇರಿತು. 2019ರಲ್ಲಿ ಹೈಕೋರ್ಟಿನ ಆದೇಶದಂತೆ ಎಲ್ಲರನ್ನೂ ಖಾಲಿ ಮಾಡಿಸಿದರು. ಕೆಡವುವುದೇ ಸರಿ ಎಂದು ಐಐಟಿಯವರ ವರದಿ, ಉಳಿಸಬಹುದು ಎಂದು ಪರಂಪರೆಯ ತಜ್ಞರು. (1896ರ ಆ ಒಂದು ರೂಪಾಯಿಯ ಪ್ರದರ್ಶನದಲ್ಲಿ ಗೋಡೆ ಕೆಡವುವ ಚಿತ್ರವೂ ಒಂದಿತ್ತು, ನೋಡಿ.)

ಉಳಿಸಲಿ, ಖಂಡಿತ ಉಳಿಸಲಿ. ಆದರೆ ಗತವೈಭವ ಅಂತ ಮತ್ತೊಂದು ಐಷಾರಾಮಿ ಹೋಟೆಲು ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. 1993ರಲ್ಲಿ ಮುಚ್ಚಿದ ರಾಯಲ್ ಅಪೇರಾ ಹೌಸು 2016ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಗೊಂಡಲ್ ರಾಜಮನೆತನವಿತ್ತು, ಇದಕ್ಕಿಲ್ಲ. ಸರಿ, ಮೇಲಿನ ಮಹಡಿಗಳು ದುಡಿಯಲಿ, ಅಲ್ಲಿ ಬೇಕಾದ್ದು ಬರಲಿ. ಕೆಳಗಿನ ಎರಡರಲ್ಲಿ ಸಣ್ಣ ವಕೀಲನಿಗೆ, ಟೈಪಿಸ್ಟನ ಒಂದು ಮೇಜಿಗೆ ಜಾಗ ಇರಲಿ. ಹಳೇ ಬಾಡಿಗೆಗೇ ಕೊಡಿ ಅಂತ ನಾನೇನೂ ಹೇಳೋದಿಲ್ಲ. ರಿಪೇರಿಯ ಪಾಲನ್ನು ಅವರೂ ಕಟ್ಟಲಿ.