ಜರಡಿಯೂ ಜಳ್ಳೂ

ಕೇಳದೆ ಬರುವ ಪತ್ರ ಇಂದಿನ ಪಿಡುಗಲ್ಲ. 1978ರಲ್ಲಿ ಅಮೆರಿಕದ ಗಣಕಯಂತ್ರ ಕಂಪೆನಿಯ ಮಾರಾಟಗಾರನೊಬ್ಬನು ಸುಮಾರು 400 ಮಂದಿಗೆ ಒಮ್ಮೆಲೇ ಜಾಹೀರಾತು ಕಳುಹಿಸಿದನು. ಈಮೇಲಿನ ಕಸಕ್ಕೆ ಅದೇ ಆದಿಯೆನ್ನುತ್ತಾರೆ. ಅದನ್ನು ತಡೆಯುವ ಸ್ಪ್ಯಾಮ್ ಜರಡಿಯು ಹಿಂದಿನ ಕಸದ ಪದಗಳನ್ನೂ ಕಳುಹಿಸಿದವರ ವಿಳಾಸವನ್ನೂ ತೂಗಿ ತೀರ್ಪು ಕೊಡುತ್ತದೆ. ಜಳ್ಳಿನೊಡನೆ ಒಮ್ಮೊಮ್ಮೆ ಕಾಳೂ ಹೊರಬೀಳುತ್ತದೆ. ಮಗನ ಸಂದರ್ಶನದ ಕರೆ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೊಳೆಯುತ್ತದೆ.

ವಾಟ್ಸಾಪ್ ಗುಂಪುಗಳಿಗಾದರೋ ಆ ಜರಡಿಯೂ ಇಲ್ಲ. ನೆಗಡಿಯೆಂದರೆ ಹತ್ತು ಕಷಾಯ, ಮದುವೆಯೆಂದರೆ ಇಪ್ಪತ್ತು ಬುದ್ಧಿವಾದ! ನಗಬಹುದು, ಆದರೆ ಎಲ್ಲವೂ ನಗುವ ದಿನಗಳಲ್ಲ. 2024ರ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಂಥ ರಾತ್ರಿ ಕೆಳಗಿನ ಕಂಪ್ಲಿಯ ನದೀತೀರದ ಸಂಸಾರಕ್ಕೆ ಬೇಕಾದುದು ಒಂದೇ ಮಾತು: ನೀರು ಎಷ್ಟು, ಯಾವಾಗ? ಗೇಟು ಕೂರಿಸುವ ಬಗೆಯನ್ನು ಮನೆಯಲ್ಲಿ ಕುಳಿತವರೆಲ್ಲ ಬೋಧಿಸತೊಡಗಿದರೆ, ಅಧಿಕಾರಿಗಳ ಆ ಒಂದು ಸಾಲು ನೂರು ಸಾಲುಗಳಡಿ ಹೂತುಹೋಗುತ್ತದೆ.

ಯಂತ್ರದ ಜರಡಿ ತಪ್ಪಿದರೆ ಪೆಟ್ಟಿಗೆ ತೆರೆದು ಹುಡುಕಬಹುದು. ಗುಂಪಿನ ಜರಡಿ ನಮ್ಮ ಬೆರಳ ತುದಿಯಲ್ಲೇ ಇದೆ. ಯಾರಾದರೂ ಕೇಳಿದರೇ? ನನಗೆ ನಿಜವಾಗಿ ಗೊತ್ತೇ? ಎರಡಕ್ಕೂ ಹೌದೆಂದಾಗ ಮಾತ್ರ ಬರೆಯೋಣ.