ಪರಿಮಳ ಪೂಸಿದ ವಿಷ

ರೋಣ, ನರಗುಂದದ ಎರೆಹೊಲಗಳ ಹಿರಿಯ ರೈತರಿಗೆ ನಿಕೋಟಿನ್ ಹೊಸದೇನಲ್ಲ. ತಂಬಾಕನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಸೋಸಿ, ಸಾಬೂನು ಬೆರೆಸಿ ಸಿಂಪಡಿಸುವ ಕಷಾಯದಲ್ಲಿ ಬೆಳೆಯ ಹೇನನ್ನು ಕೊಲ್ಲುವುದು ಅದೇ. ಆ ವಿಷವನ್ನೇ ಮಾವು, ಪುದೀನದ ಪರಿಮಳದೊಡನೆ ಗ್ಲಿಸರಿನ್‌ನಲ್ಲಿ ಕಲಸಿ, ಬೆರಳುದ್ದದ ‘ವೇಪ್’ ಸಾಧನದಲ್ಲಿ ಕಾಯಿಸಿ ಸೇದಿಸುವವರು ಈಗ ಪರಿಸರದ ಮಾತನ್ನೂ ಆಡತೊಡಗಿದ್ದಾರೆ: ಬಳಸಿ ಎಸೆಯುವುದು ಬೇಡವಂತೆ, ಚಾರ್ಜ್ ಮಾಡುವುದನ್ನು ಕೊಳ್ಳಬೇಕಂತೆ!

ಎಸೆಯುವುದು ನಿಂತಿತೆಲ್ಲಿ? ದ್ರವ ತುಂಬಿದ ಪ್ಲಾಸ್ಟಿಕ್ ಪಾಡನ್ನು, ಅದರೊಳಗಿನ ಲೋಹದ ಸುರುಳಿ, ಹತ್ತಿಯ ಬತ್ತಿ, ಉಳಿದ ನಿಕೋಟಿನ್ ಸಹಿತ ಮತ್ತೆ ಮತ್ತೆ ಬಿಸಾಡಲೇಬೇಕು. (ಹತ್ತಿ ಬೆಳೆಯುವ ಸೀಮೆಯಲ್ಲಿ ಹತ್ತಿಗೆ ಎಂಥ ಗತಿ!) ಲಿಥಿಯಂ ಬ್ಯಾಟರಿಯೂ ಒಂದು ದಿನ ಕೆಡುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಎಸೆದದ್ದು ಮಳೆನೀರಿನೊಡನೆ ಇಳಿದು ಹಳ್ಳ ಸೇರುತ್ತದೆ.

ಕರ್ನಾಟಕವು ಇ-ಸಿಗರೇಟನ್ನು 2016ರಲ್ಲಿಯೇ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯು ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ತಡೆದಿದೆ; ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಚಾರ್ಜ್ ಆಗುವುದಕ್ಕೆ ಅದರಲ್ಲಿ ವಿನಾಯಿತಿಯಿಲ್ಲ. ಯಾವ ಪಾಡ್, ಯಾವ ರುಚಿ ಎಂದು ವಿದ್ಯಾರ್ಥಿಯನ್ನು ಕೇಳುವವನು ಕಳ್ಳಸರಕಿನ ವ್ಯಾಪಾರಿಯೇ ಹೊರತು ಹಿತೈಷಿಯಲ್ಲ. ಸಬ್ ಇನ್‌ಸ್ಪೆಕ್ಟರರಿಗೂ ಶೋಧಿಸಿ ವಶಪಡಿಸಿಕೊಳ್ಳುವ ಅಧಿಕಾರವಿದೆ. ಮೂರೂ ಊರುಗಳ ಠಾಣೆಗಳು ಹುಡುಗರ ಜೇಬು ತಡಕುವುದಕ್ಕೆ ಮೊದಲು ಮಾರುವವರ ದಾಸ್ತಾನನ್ನು ಹುಡುಕಲಿ.