ಹುದ್ದೆಯೋ? ಯೋಗ್ಯತೆಯೋ?

ಒಲಿಂಪಿಕ್ ಕ್ರೀಡೋತ್ಸವದ ಅಶ್ವಸ್ಪರ್ಧೆಗಳಲ್ಲಿ ಡ್ರೆಸ್ಸಾಜ್ ಎಂಬುದೊಂದುಂಟು. ಅದು ಓಟವಲ್ಲ, ನೆಗೆತವೂ ಅಲ್ಲ; ಕುದುರೆಗೆ ದೊರೆತ ಶಿಕ್ಷಣವನ್ನು ಒರೆಗೆ ಹಚ್ಚಿ ನೋಡುವ ಪರೀಕ್ಷೆ. ೬೦ ಮೀಟರು ಉದ್ದ, ೨೦ ಮೀಟರು ಅಗಲದ ಅಂಗಳದೊಳಕ್ಕೆ ಸವಾರನು ಒಬ್ಬನೇ ಪ್ರವೇಶಿಸಿ, ಗೊತ್ತುಪಡಿಸಿದ ನಡೆಗಳನ್ನು ಕುದುರೆಯಿಂದ ಮಾಡಿಸಿ ತೋರಿಸತಕ್ಕದ್ದು. ನಿಂತ ನೆಲದಲ್ಲಿಯೇ ತಾಳಬದ್ಧವಾಗಿ ಹೆಜ್ಜೆಯಿಡುವುದು, ಹಿಂಗಾಲುಗಳ ಮೇಲೆ ಭಾರವಿಟ್ಟು ಸುತ್ತು ತಿರುಗುವುದು, ಓರೆಯಾಗಿ ಸಾಗುವುದು ಮೊದಲಾದ ಪ್ರತಿಯೊಂದು ನಡೆಗೂ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕಗಳನ್ನು ಕೊಡುವರು. ಸವಾರನು ಕುದುರೆಗೆ ಬಾಯಿಬಿಟ್ಟು ಒಂದು ಮಾತನ್ನೂ ಹೇಳಕೂಡದು. ಅವನು ಸುಮ್ಮನೆ ಕುಳಿತಿರುವಂತೆಯೂ ಕುದುರೆಯು ತಾನಾಗಿಯೇ ನರ್ತಿಸುತ್ತಿರುವಂತೆಯೂ ನೋಡುವವರಿಗೆ ತೋರಿದರೆ ವಿದ್ಯೆಯು ಫಲಿಸಿತೆಂದು ಅರ್ಥ.

ಇಂತಹ ಪರೀಕ್ಷೆಯಲ್ಲಿ ಸವಾರನ ಕೈಚಳಕ, ತಾಳ್ಮೆ, ಕುದುರೆಯ ಮನಸ್ಸನ್ನರಿಯುವ ಶಕ್ತಿ, ಇವುಗಳ ಹೊರತು ಬೇರೆ ಯಾವುದಕ್ಕೂ ಬೆಲೆಯಿರಕೂಡದೆಂದು ಯಾರಾದರೂ ಭಾವಿಸಬಹುದು. ಆದರೆ ೧೯೧೨ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಈ ಸ್ಪರ್ಧೆಯು ಒಲಿಂಪಿಕ್ಕಿಗೆ ಸೇರಿದಂದಿನಿಂದ ೧೯೪೮ರವರೆಗೂ ಅದರ ಬಾಗಿಲಲ್ಲಿ ಹುದ್ದೆಯೆಂಬ ಕಾವಲುಗಾರನು ನಿಂತಿದ್ದನು. ಸೈನ್ಯದಲ್ಲಿ ಕಮಿಷನ್ ಪಡೆದ ಅಧಿಕಾರಿಗಳಿಗೂ ‘ಜಂಟಲ್‌ಮನ್’ ಎನಿಸಿಕೊಂಡ ಹವ್ಯಾಸಿಗಳಿಗೂ ಮಾತ್ರವೇ ಒಳಗೆ ಪ್ರವೇಶ. ಸಾರ್ಜೆಂಟನು ಎಷ್ಟೇ ನಿಪುಣನಾಗಿದ್ದರೂ ಹೊರಗೆ; ಸ್ತ್ರೀಯರಂತೂ ಹೊರಗೆಯೇ ಸರಿ.

೧೯೪೮ರ ಲಂಡನ್ ಒಲಿಂಪಿಕ್ಕಿನಲ್ಲಿ ನಡೆದುದನ್ನು ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕು. ಆಲ್ಡರ್‌ಶಾಟಿನಲ್ಲಿ ನಡೆದ ಈ ಸ್ಪರ್ಧೆಯಲ್ಲಿ ವೈಯಕ್ತಿಕ ಸುವರ್ಣವು ಸ್ವಿಟ್ಜರ್ಲೆಂಡಿನ ಹಾನ್ಸ್ ಮೋಸರ್ ಅವರದಾಯಿತು. ತಂಡದ ಸುವರ್ಣವು ಸ್ವೀಡನ್ನಿಗೆ ಸಂದಿತು. ಸ್ವೀಡನ್ನಿನ ಮೂವರಲ್ಲಿ ಗೆಹ್ನಾಲ್ ಪೆರ್ಸನ್ ಎಂಬುವರೊಬ್ಬರು. ವಾಸ್ತವವಾಗಿ ಅವರು ಸಾರ್ಜೆಂಟರು. ಸ್ಪರ್ಧೆಗೆ ಸ್ವಲ್ಪ ಮುಂಚೆ ಅವರನ್ನು ಅಧಿಕಾರಿಯ ದರ್ಜೆಗೆ ಏರಿಸಿ, ಸ್ಪರ್ಧೆ ಮುಗಿದ ಕೆಲವೇ ವಾರಗಳಲ್ಲಿ ಮತ್ತೆ ಹಿಂದಿನ ದರ್ಜೆಗೇ ಇಳಿಸಲಾಗಿತ್ತು. ಈ ಸಂಗತಿಯು ಬಯಲಾಗಲು ೧೯೪೯ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಘವು ಅವರನ್ನು ಅನರ್ಹರೆಂದು ಸಾರಿತು. ವೈಯಕ್ತಿಕ ಸ್ಪರ್ಧೆಯಲ್ಲಿ ಅವರು ಗಳಿಸಿದ್ದ ಆರನೆಯ ಸ್ಥಾನವು ಅಳಿಸಿಹೋಯಿತು. ತಂಡದ ಸುವರ್ಣವು ಫ್ರಾನ್ಸಿಗೆ ಹೋಯಿತು.

ಸ್ವೀಡನ್ನಿನವರು ಮಾಡಿದ್ದು ನೇರವಾದ ಮಾರ್ಗವಲ್ಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಿಯಮವೊಂದು ಇರುವವರೆಗೆ ಅದನ್ನು ನಡೆಸುವುದು ತೀರ್ಪುಗಾರರ ಧರ್ಮ. ಆದರೆ ಆ ನಿಯಮವೇ ಎಂತಹುದು? ಅದೇ ಕುದುರೆ, ಅದೇ ಸವಾರ, ಅವೇ ನಡೆಗಳು, ಅಂಕಗಳನ್ನಿತ್ತವರೂ ಅವರೇ. ಭುಜದ ಮೇಲಣ ಪಟ್ಟಿ ಬದಲಾದೊಡನೆ ಆ ಅಂಕಗಳು ಸುಳ್ಳಾದುವೆ? ಋತುಪರ್ಣ ಮಹಾರಾಜನು ಕುರೂಪಿಯಾದ ಬಾಹುಕನನ್ನು ಸಾರಥಿಯಾಗಿ ನೇಮಿಸಿಕೊಂಡಾಗ ಅವನ ಕುಲಸ್ಥಾನಗಳನ್ನು ಶೋಧಿಸುತ್ತ ಕೂಡಲಿಲ್ಲ, ಅಶ್ವವಿದ್ಯೆಯನ್ನು ನೋಡಿದನು. ಬಾಹುಕನ ವೇಷದಲ್ಲಿದ್ದವನು ಅಶ್ವಹೃದಯವನ್ನು ಬಲ್ಲ ನಳನೇ ಎಂಬುದು ಆಮೇಲೆ ತಿಳಿದ ಮಾತು. ನಮ್ಮ ಪುರಾಣದ ಅರಸನಿಗೆ ಹೊಳೆದ ವಿವೇಕವು ಇಪ್ಪತ್ತನೆಯ ಶತಮಾನದ ಕ್ರೀಡಾಧುರೀಣರಿಗೆ ಹೊಳೆಯಲು ಇಷ್ಟು ಕಾಲ ಹಿಡಿದುದು ಸೋಜಿಗವೇ ಸರಿ.

ಹೊಳೆದ ಮೇಲೆ ಏನಾಯಿತೆಂಬುದೂ ಗಮನಾರ್ಹ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಕಿಗೆ ಈ ನಿರ್ಬಂಧವು ತೊಲಗಿತು. ಅದೇ ಪೆರ್ಸನ್ ಅವರು ಅದೇ ಇಬ್ಬರು ಸಂಗಡಿಗರೊಡನೆ ೧೯೫೨ರಲ್ಲಿಯೂ ೧೯೫೬ರಲ್ಲಿಯೂ ತಂಡದ ಸುವರ್ಣವನ್ನು ಗೆದ್ದರು. ಹೆಲ್ಸಿಂಕಿಯ ವೈಯಕ್ತಿಕ ಸ್ಪರ್ಧೆಯಲ್ಲಿ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಪ್ರಥಮರಾದರು. ದ್ವಿತೀಯ ಸ್ಥಾನವು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ ಲಭಿಸಿತು. ಈಕೆಗೆ ೧೯೪೪ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನಿಂದ ಕೆಳಗೆ ಸ್ವಾಧೀನವಿರಲಿಲ್ಲ. ಕುದುರೆಯನ್ನೇರುವುದಕ್ಕೂ ಇಳಿಯುವುದಕ್ಕೂ ಪರರ ಆಸರೆ ಬೇಕಾಗಿತ್ತು. ಏರಿ ಕುಳಿತ ಮೇಲೆ ಮಾತ್ರ ಪುರುಷರ ಸಾಲಿನಲ್ಲಿ ಆಕೆಗಿಂತ ಮೇಲಾದವನು ಒಬ್ಬನೇ! ಅಂದು ತೆರೆದ ಬಾಗಿಲಿನಿಂದ ಬಂದವರು ಎಷ್ಟು ದೂರ ಸಾಗಿರುವರೆಂದರೆ, ೧೯೮೮ರಿಂದ ೨೦೨೪ರವರೆಗಿನ ಹತ್ತು ಒಲಿಂಪಿಕ್ಕುಗಳಲ್ಲಿಯೂ ಈ ಸ್ಪರ್ಧೆಯ ವೈಯಕ್ತಿಕ ಸುವರ್ಣವು ಸ್ತ್ರೀಯರಿಗೇ ಸಂದಿದೆ. ನಲವತ್ತು ವರ್ಷಗಳ ಕಾಲ ಆ ನಿಯಮವು ಯಾರನ್ನು ಹೊರಗಿಟ್ಟಿತ್ತೆಂಬುದಕ್ಕೆ ಇನ್ನೇನು ಸಾಕ್ಷ್ಯ ಬೇಕು?

ಇದು ಪರದೇಶದ ಕಥೆಯೆಂದು ನಮ್ಮವರು ಉಪೇಕ್ಷಿಸಲಾಗದು. ೧೯೮೨ರ ದೆಹಲಿ ಏಷ್ಯನ್ ಕ್ರೀಡೋತ್ಸವದಲ್ಲಿ, ಡ್ರೆಸ್ಸಾಜನ್ನೂ ಒಂದಂಗವಾಗಿ ಉಳ್ಳ ಮೂರು ವಿಧದ ಅಶ್ವಪರೀಕ್ಷೆಯಲ್ಲಿ ವೈಯಕ್ತಿಕ ಸುವರ್ಣವನ್ನು ಗೆದ್ದವರು ೬೧ನೆಯ ಅಶ್ವದಳದ ದಫೇದಾರ್ ರಘುಬೀರ್ ಸಿಂಗ್ ಅವರು. ಹಳೆಯ ಒಲಿಂಪಿಕ್ ನಿಯಮವು ಅಲ್ಲಿ ಜಾರಿಯಲ್ಲಿದ್ದಿದ್ದರೆ ಅವರು ಅಂಗಳದ ಹೊರಗೆ ನಿಂತು ನೋಡಬೇಕಾಗುತ್ತಿತ್ತು. ತರುವಾಯ ೪೧ ವರ್ಷ ಅಶ್ವಕ್ರೀಡೆಯಲ್ಲಿ ಭಾರತಕ್ಕೆ ಏಷ್ಯನ್ ಸುವರ್ಣವಿಲ್ಲದೆ, ೨೦೨೩ರಲ್ಲಿ ಹಾಂಗ್‌ಝೌ ಉತ್ಸವದಲ್ಲಿ ಡ್ರೆಸ್ಸಾಜ್ ತಂಡವು ಅದನ್ನು ತಂದಿತು. ಅದೇ ತಂಡದ, ಕಲ್ಕತ್ತೆಯ ಅನುಷ್ ಅಗರ್‌ವಾಲಾ ಅವರು ವೈಯಕ್ತಿಕ ಕಂಚನ್ನು ಪಡೆದು, ೨೦೨೪ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಈ ಸ್ಪರ್ಧೆಗೆ ಇಳಿದ ಪ್ರಥಮ ಭಾರತೀಯರೆನಿಸಿದರು. ಮುಂದಿನ ಸುತ್ತಿಗೆ ಅವರು ಏರಲಿಲ್ಲವೆಂಬುದರಿಂದ ಆ ಸಾಧನೆಗೆ ಕುಂದಿಲ್ಲ.

ಆದರೆ ಅವರು ಈ ವಿದ್ಯೆಯನ್ನು ಸಾಧಿಸಿದ್ದು ಎಲ್ಲಿ? ಹದಿನೇಳರ ಹರೆಯದಲ್ಲಿಯೇ ಜರ್ಮನಿಗೆ ತೆರಳಿ ಅಲ್ಲಿ. ಮೂರು ವಿಧದ ಪರೀಕ್ಷೆಯಲ್ಲಿ ಟೋಕಿಯೋ ಒಲಿಂಪಿಕ್ಕಿನವರೆಗೆ ಹೋದ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರೂ ಜರ್ಮನಿಯಲ್ಲಿ ಅಭ್ಯಾಸ ಮಾಡಬೇಕಾಯಿತು. ಭಾರತದ ಕುದುರೆಗಳು ರೋಗನಿರ್ಬಂಧದ ಕಟ್ಟಳೆಗಳ ಕಾರಣದಿಂದ ಯೂರೋಪಿನ ಸ್ಪರ್ಧೆಗಳಿಗೆ ಸುಲಭವಾಗಿ ಹೋಗಲಾರದೆ ಇದ್ದುದು ಇದಕ್ಕೆ ಒಂದು ಹೇತು. ೨೦೨೫ರ ಜುಲೈ ತಿಂಗಳಲ್ಲಿ ಮೀರತ್ತಿನ ಸೈನಿಕ ಪಶುವೈದ್ಯ ಕೇಂದ್ರದಲ್ಲಿನ ರೋಗಮುಕ್ತ ಅಶ್ವಾವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತಿರುವುದರಿಂದ ಈ ತೊಡಕು ಬಿಚ್ಚಲಾರಂಭಿಸಿದೆ. ಇದಕ್ಕಾಗಿ ಶ್ರಮಿಸಿದ ಅಧಿಕಾರಿಗಳನ್ನು ನಾವು ಅಭಿನಂದಿಸುತ್ತೇವೆ.

ಇನ್ನೊಂದು ಹೇತುವು ಹಣ. ಶಿಕ್ಷಿತವಾದ ಕುದುರೆ, ಅದರ ಲಾಯ, ಗುರುವಿನ ವೇತನ, ಪರದೇಶದಲ್ಲಿ ವರ್ಷಗಟ್ಟಲೆ ವಾಸ, ಇಷ್ಟನ್ನೂ ಹೊರಬಲ್ಲ ಮನೆಗಳು ನಮ್ಮಲ್ಲಿ ಎಷ್ಟಿವೆ? ಹುದ್ದೆಯ ಕಾವಲುಗಾರನು ಹೋದ ಜಾಗದಲ್ಲಿ ಹಣದ ಕಾವಲುಗಾರನು ಬಂದು ನಿಂತಿದ್ದಾನೆ. ಮೊದಲಿನವನ ಆಜ್ಞೆಯು ನಿಯಮಾವಳಿಯಲ್ಲಿ ಅಚ್ಚಾಗಿದ್ದಿತು, ಆದುದರಿಂದ ಅದನ್ನು ಹೊಡೆದುಹಾಕುವುದು ಸಾಧ್ಯವಾಯಿತು. ಇವನ ಆಜ್ಞೆಯು ಎಲ್ಲಿಯೂ ಬರೆದಿಲ್ಲ. ಆದುದರಿಂದಲೇ ಇವನನ್ನು ಕದಲಿಸುವುದು ಹೆಚ್ಚು ಕಷ್ಟ.

ಕಷ್ಟವೆಂದು ಕೈಕಟ್ಟಿ ಕೂಡುವುದು ಸರಕಾರಕ್ಕೆ ಶೋಭಿಸದು. ದೇಶದಲ್ಲಿ ಅಶ್ವದಳವಿದೆ, ಸೈನ್ಯದ ಲಾಯಗಳಿವೆ, ಅನುಭವಿಗಳಾದ ಶಿಕ್ಷಕರಿದ್ದಾರೆ. ಅಲ್ಲಿಯ ಸಾಮಾನ್ಯ ಸವಾರರಿಗೆ ಈ ವಿದ್ಯೆಯಲ್ಲಿ ಉನ್ನತ ಶಿಕ್ಷಣ ಕೊಡಲಿ. ಲಾಯದಲ್ಲಿ ದುಡಿಯುವವರ ಮಕ್ಕಳಿಗೂ ಬಡ ಮನೆಗಳ ಬಾಲಕಬಾಲಿಕೆಯರಿಗೂ ಪರೀಕ್ಷೆಯ ಮೂಲಕ ಆಯ್ಕೆ ನಡೆಸಿ, ಆಯ್ದವರಿಗೆ ಕುದುರೆಯನ್ನೂ ವೇತನವನ್ನೂ ಒದಗಿಸಲಿ. ಒಬ್ಬ ಸಾರ್ಜೆಂಟನಿಗೂ ನಡೆಯಲಾರದ ಒಬ್ಬ ಸ್ತ್ರೀಗೂ ಬಾಗಿಲು ತೆರೆದುದರಿಂದ ಈ ಕಲೆಯು ಕೆಡಲಿಲ್ಲ, ಬೆಳೆಯಿತು. ಬೆನ್ನ ಮೇಲೆ ಕುಳಿತವನ ಹುದ್ದೆಯನ್ನಾಗಲಿ ಆಸ್ತಿಯನ್ನಾಗಲಿ ಕುದುರೆಯು ವಿಚಾರಿಸುವುದಿಲ್ಲ. ನಮ್ಮ ಆಡಳಿತಗಾರರೂ ವಿಚಾರಿಸದಿರಲಿ ಎಂಬುದಿಷ್ಟೇ ನಮ್ಮ ಕೋರಿಕೆ.